ಜೋಲಿ ಕಟ್ಟಲು ಎರಡು ಮರ

(ದೀಪಾವಳಿ ಕಳೆದ ವಾರ, ಸಾಗರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಮುಗಿದು ಸೊಪ್ಪಿನ ಬೆಟ್ಟ ಶುರುವಾಗುವಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಇಬ್ಬರು ಏರು ಹತ್ತುತ್ತಿದ್ದಾರೆ. ಒಬ್ಬರು ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಹಬ್ಬಕ್ಕೆ ಬೆಂಗಳೂರಿನಿಂದ ಬಂದವಳು.)

— ಆ ಚೀಲದಲ್ಲಿ ಏನಿದೆ ಅಂತ ಬೆಳಗ್ಗಿಂದ ಕೇಳ್ಬೇಕು ಅಂತಿದ್ದೆ ಪುಟ್ಟಿ. ಎರಡು ಮುಷ್ಟಿಯಷ್ಟಿದೆ, ಆದ್ರೂ ಅದನ್ನ ಬಿಟ್ಟು ಕದಲೋದಿಲ್ಲ ನೀನು.

— ಹ್ಯಾಮಕ್, ಮಾವ. ಎರಡು ಮರಕ್ಕೆ ಕಟ್ಟಿ ಮಲಗೋದು. ಪ್ಯಾರಾಚೂಟ್ ಬಟ್ಟೆಯಂಥದ್ದು, ಮಡಚಿದ್ರೆ ಇಷ್ಟೇ. ಬಿಚ್ಚಿದ್ರೆ ನೀವೂ ನಾನೂ ಇಬ್ಬರೂ ಕೂರಬಹುದು.

— ಜೋಲಿ ಅನ್ನು.

— ಜೋಲಿ ಅಂದ್ರೆ ಮಗೂದಲ್ವಾ?

— ಮಗೂದೇ. ನಿನ್ನ ಅಮ್ಮ ಬೆಳೆದದ್ದು ಜೋಲಿಯಲ್ಲಿ. ಗದ್ದೆ ನೆಟ್ಟಿ ಸಮಯ, ನಮ್ಮಮ್ಮ ಹಳೇ ಸೀರೆಯ ಎರಡು ತುದಿಯನ್ನ ಬದುವಿನ ನೇರಳೆ ಕೊಂಬೆಗೆ ಕಟ್ಟಿ ಅವಳನ್ನ ಹಾಕಿ ಗದ್ದೆಗಿಳೀತಿದ್ಲು. ತೂಗೋ ಕೆಲಸ ನನ್ನದು. ನಂಗೆ ಆಗ ಆರೋ ಏಳೋ ವರ್ಷ. ಮಳೆ ಹನಿ ಬಂದ್ರೆ ಮೇಲೆ ಕಂಬಳಿ ಕೊಪ್ಪೆ. ಕೆಲಸಕ್ಕೆ ಬಂದವರ ಮಕ್ಕಳ ಜೋಲಿಗಳೂ ಅದೇ ಸಾಲಿನ ಮರಗಳಲ್ಲಿ ತೂಗ್ತಿದ್ವು. ಇನ್ನೊಂದು ಜೋಲಿಯೂ ಉಂಟು. ರಸ್ತೆ ಇಲ್ಲದ ಊರಲ್ಲಿ ಕಾಯಿಲೆ ಬಿದ್ದವರನ್ನ ಕಂಬಳಿಯಲ್ಲಿ ಮಲಗಿಸಿ, ಕಂಬಳಿಯ ತುದಿಗಳನ್ನ ಬಿದಿರು ಗಳುವಿಗೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ನಡೆಯೋದು. ಶರಾವತಿ ಹಿನ್ನೀರಿನ ಆಚೆ ದಡದಿಂದ ಹಾಗೆ ಹೊತ್ತುಕೊಂಡು ಬಂದದ್ದಕ್ಕೆ ನಾನೂ ಹೆಗಲು ಕೊಟ್ಟಿದ್ದೇನೆ. ಸುಮ್ಮನೆ ಮಲಗೋದಕ್ಕೆ ಅಂತ ದೊಡ್ಡವರು ಜೋಲಿ ಕಟ್ಟಿಕೊಂಡದ್ದನ್ನ ಮಾತ್ರ ನಾನು ನೋಡಿದವನಲ್ಲ.

— ಕಟ್ಟಿಕೊಂಡ ಜನ ಇದ್ದಾರೆ ಮಾವ, ಸಮುದ್ರದ ಆ ಕಡೆ. ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ತಾಯ್ನೋ ಜನ ನೂಲಿನ ಬಲೆಯಲ್ಲೇ ರಾತ್ರಿ ಮಲಗ್ತಿದ್ರು. ಅದನ್ನ ಅವರು ಹಮಾಕ ಅಂತಿದ್ರು, ಹ್ಯಾಮಕ್ ಅನ್ನೋ ಮಾತು ಅಲ್ಲಿಂದ ಬಂದದ್ದು. ನೆಲದ ತೇವ, ನೆಲದ ಹುಳು ಯಾವುದೂ ತಾಗಲ್ಲ. ಆಮೇಲೆ ಹಡಗಿನವರು ಅದನ್ನ ಕಲಿತ್ರು.

— ನಮ್ಮ ಮಳೆಕಾಡಿಗೂ ಹೇಳಿ ಮಾಡಿಸಿದ್ದು ಹಾಗಾದ್ರೆ. ಸರಿ, ಇದನ್ನ ಎಲ್ಲಿ ಕಟ್ಟಬೇಕು ಅಂತ ಅಂದ್ಕೊಂಡಿದ್ದೀಯ?

— ಅದನ್ನ ಕೇಳೋಕೇ ನಿಮ್ಮ ಹತ್ರ ಬಂದದ್ದು. ಒಂದು ವರ್ಷದಿಂದ ಭಾನುವಾರ ಬಂದ್ರೆ ಹುಡುಕ್ತಿದ್ದೀನಿ. ಬೆಂಗಳೂರಿನ ಪಾರ್ಕಲ್ಲಿ ಕಟ್ಟಿದ್ರೆ ಸೀಟಿ ಊದ್ತಾರೆ. ಊರ ಹೊರಗಿನ ಒಂದು ಕಾಡಿಗೆ ಹೋದೆ. ಚಿಕ್ಕದು, ಒಳ್ಳೇ ನೆರಳು, ಜನ ಇಲ್ಲ. ಕಟ್ಟಿ ಹತ್ತು ನಿಮಿಷ ಆಗಿಲ್ಲ, ಗಾರ್ಡ್ ಬಂದು ಬಿಚ್ಚಿ ಅಂದ್ರು. ಕಸ ಹಾಕಿಲ್ಲ, ಬೆಂಕಿ ಹಚ್ಚಿಲ್ಲ, ಹಾಡು ಹಾಕಿಲ್ಲ, ಸುಮ್ಮನೆ ಮಲಗಿದ್ದೀನಿ ಅಂದೆ. ಮಲಗೋದಾದ್ರೆ ಮನೆ ಇಲ್ವಾ ಅಂದ್ರು. ತುಂಬಾ ಬೇಜಾರಾಯ್ತು ಮಾವ.

— ಮಾತು ಒರಟಾಯ್ತು. ಬಿಚ್ಚಿಸಿದ್ದು ಮಾತ್ರ ಸರಿ. ನಾನಾಗಿದ್ರೂ ಬಿಚ್ಚಿಸ್ತಿದ್ದೆ.

— ನೀವೂನಾ?

— ಮೂವತ್ತು ವರ್ಷ ಆ ಕೆಲಸ ಮಾಡಿದವನು ಬೇರೆ ಏನು ಹೇಳಲಿ? ರಿಸರ್ವ್ ಫಾರೆಸ್ಟ್ ಅಂದ್ರೆ ಅಪ್ಪಣೆ ಇಲ್ಲದೆ ಕಾಲಿಡೋ ಜಾಗ ಅಲ್ಲ. ಕರ್ನಾಟಕದ ಅರಣ್ಯ ಕಾಯ್ದೆ 1963ರದ್ದು, ಅದರಲ್ಲೇ ಇದೆ. ಅಭಯಾರಣ್ಯ ಆದ್ರೆ 1972ರ ವನ್ಯಜೀವಿ ಕಾಯ್ದೆ, ಇನ್ನೂ ಬಿಗಿ. ಅಧ್ಯಯನಕ್ಕೆ, ಫೋಟೋಕ್ಕೆ, ಪ್ರವಾಸಕ್ಕೆ ಅಂತ ಪರವಾನಗಿ ತಗೊಂಡು ಹೋಗಬೇಕು, ಹೇಳಿದ ದಾರಿಯಲ್ಲೇ ಹೋಗಬೇಕು. ನಮ್ಮ ಈ ಕಡೆಯ ಕಾಡನ್ನೇ ನೋಡು. ಅಘನಾಶಿನಿಯ ಕಾಡನ್ನ 2011ರಲ್ಲಿ ಸಿಂಗಳೀಕಕ್ಕೆ ಅಂತ ಸಂರಕ್ಷಣಾ ಮೀಸಲು ಮಾಡಿದ್ರು. 2019ರಲ್ಲಿ ಅದನ್ನೂ ಶರಾವತಿ ಕಣಿವೆ ಅಭಯಾರಣ್ಯವನ್ನೂ ಸುತ್ತಲಿನ ಕಾಡನ್ನೂ ಸೇರಿಸಿ ಸುಮಾರು 930 ಚದರ ಕಿಲೋಮೀಟರಿನ ಒಂದೇ ಸಿಂಗಳೀಕ ಅಭಯಾರಣ್ಯ ಆಯ್ತು. ಸಿಂಗಳೀಕ ನೆಲಕ್ಕೆ ಇಳಿಯೋದು ಅಪರೂಪ. ಮರದಿಂದ ಮರಕ್ಕೇ ಅದರ ಬದುಕು. ನೀನು ಎರಡು ಮರದ ನಡುವೆ ಮಲಗಿದ್ರೆ ನಿಂಗೆ ಅದು ಖಾಲಿ ಜಾಗ, ಅದಕ್ಕೆ ರಸ್ತೆಗೆ ಅಡ್ಡ ಇಟ್ಟ ಕಲ್ಲು.

— ಒಬ್ಬಳು ಒಂದು ಗಂಟೆ ಮಲಗಿದ್ರೆ ಅಷ್ಟೆಲ್ಲ ಆಗುತ್ತಾ?

— ಒಬ್ಬಳಿಂದ ಆಗೋದಿಲ್ಲ. ಆದ್ರೆ ಚೆನ್ನಾಗಿರೋ ಜಾಗಕ್ಕೆ ಒಬ್ಬಳೇ ಬರೋದಿಲ್ಲ ಪುಟ್ಟಿ, ಫೋಟೋ ಬರ್ತದೆ. ಹಿನ್ನೀರಿನ ದಂಡೆಯಲ್ಲಿ ಒಂದು ಜಾಗ ಇತ್ತು, ಹೆಸರು ಹೇಳೋದಿಲ್ಲ. ಎರಡು ಮತ್ತಿ ಮರ, ಎದುರಿಗೆ ನೀರು. ಮೊದಲು ಯಾರೋ ಇಬ್ಬರು ಬಂದು ಕೂತು ಹೋದ್ರು. ಎರಡನೇ ವರ್ಷ ಮೂರು ಕಾರು. ನಾಲ್ಕನೇ ವರ್ಷ ಒಲೆ ಕಲ್ಲು, ಬೂದಿ, ಬಾಟಲಿ ಚೂರು. ಮತ್ತಿ ಮರದ ಬುಡದಲ್ಲಿ ಹುಲ್ಲು ಹುಟ್ಟದಷ್ಟು ನೆಲ ಗಟ್ಟಿಯಾಯ್ತು. ಸಂಜೆ ಅಲ್ಲಿ ನೀರಿಗೆ ಬರ್ತಿದ್ದ ಕಡವೆ ದಾರಿ ಬದಲಿಸಿದ್ವು. ನಾನು ಮೂಟೆ ಹೊತ್ತು ಕಸ ತಂದವನು. ಮೊದಲು ಬಂದ ಆ ಇಬ್ಬರ ಮೇಲೆ ನಂಗೆ ಸಿಟ್ಟಿಲ್ಲ. ಅವರೂ ನಿನ್ನ ಹಾಗೇ ಶಾಂತಿ ಹುಡುಕಿ ಬಂದವರು. ಅವರು ಎದ್ದು ಹೋದ ಮೇಲೆ ಏನಾಯ್ತು ಅಂತ ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ.

— ಹಾಗಾದ್ರೆ ಈ ಬೆಟ್ಟ?

— ಈ ಬೆಟ್ಟದ ನೆಲ ಸರ್ಕಾರದ್ದು. ಸೊಪ್ಪು, ದರಗು ಒಯ್ಯೋ ಹಕ್ಕು ತೋಟದವರದ್ದು. ದಿನಾ ಜನ ಓಡಾಡ್ತಾರೆ, ದನ ಮೇಯ್ತದೆ. ಕಾಡಿನ ಪ್ರಾಣಿಗೂ ಇದು ನಮ್ಮ ಓಡಾಟದ ಜಾಗ ಅಂತ ಗೊತ್ತು. ಅದಕ್ಕೇ ನಿನ್ನನ್ನ ಇಲ್ಲಿಗೆ ಕರ್ಕೊಂಡು ಬಂದದ್ದು. ನಡುಕಾಡಿಗಿಂತ ಅಂಚು ಒಳ್ಳೇದು. ತೋಟದ ತಲೆ, ಕೆರೆ ಏರಿ, ಗುಡಿ ಹಿಂದಿನ ಬಯಲು. ಇಲ್ಲಿ ನಿಂತು ಯಾರನ್ನ ಕೇಳಬೇಕು ಅನ್ನೋದು ಗೊತ್ತಿರ್ತದೆ. ಪಕ್ಕದ ಬೆಟ್ಟದವರಿಗೆ ನಿನ್ನೆಯೇ ಹೇಳಿದ್ದೇನೆ, ನಮ್ಮ ಹುಡುಗಿ ಬರ್ತಾಳೆ ಅಂತ.

— ಇವೆರಡು ಹೇಗೆ ಮಾವ? ದೂರ ಸರಿಯಾಗಿದೆ. ಹದಿನಾಲ್ಕು ಅಡಿ ಇರಬಹುದು.

— ಕೈ ಇಡಬೇಡ! ಹಿಂದೆ ಬಾ. ಎಡಗಡೆಯದರ ತೊಗಟೆ ನೋಡು, ಕಪ್ಪಗೆ ಟಾರು ಸುರಿದ ಹಾಗೆ ಗೆರೆ ಇಳಿದಿದೆಯಲ್ಲ? ಹೊಳೆಗೇರು. ಆ ಸೊನೆ ತಾಗಿದ್ರೆ ಮೈಯೆಲ್ಲ ಬೊಬ್ಬೆ ಏಳ್ತದೆ. ಕೆಲವರಿಗೆ ಮರದ ಕೆಳಗೆ ನಿಂತು ಮಳೆನೀರು ತೊಟ್ಟಿಕ್ಕಿದ್ರೂ ಸಾಕು. ಪೇಟೆಯವರು ಮರ ಹುಡುಕುವಾಗ ದೂರ ಅಳೀತಾರೆ, ದಪ್ಪ ನೋಡ್ತಾರೆ. ಮರ ಯಾವುದು ಅಂತ ಕೇಳೋದೇ ಇಲ್ಲ.

— ಅಬ್ಬಾ. ಇನ್ನು ಯಾವುದಕ್ಕೆ ಕಟ್ಟಬಾರದು?

— ಬೂರುಗಕ್ಕೆ ಮುಳ್ಳು. ಬಗನಿಗೆ ಕಟ್ಟಬಾರದು. ಬಿದಿರಿಗಂತೂ ಬೇಡ, ಜಾರ್ತದೆ, ಸೀಳ್ತದೆ, ಹಿಂಡಿಲಲ್ಲಿ ಹಾವೂ ಇರ್ತದೆ. ಅಕೇಶಿಯಾ ನೋಡೋಕೆ ಗಟ್ಟಿ, ಗಾಳಿಗೆ ಲಟಕ್ಕನೆ ಮುರೀತದೆ. ನೀಲಗಿರಿಯೂ ಹೇಳದೆ ಕೇಳದೆ ಕೊಂಬೆ ಕೆಡವ್ತದೆ. ಮರ ನೋಡುವಾಗ ಬುಡ ಆಮೇಲೆ, ಮೊದಲು ತುದಿ ನೋಡು. ಒಣ ಟೊಂಗೆ ಉಂಟಾ? ಒಂದು ಟೊಂಗೆ ಮುರಿದು ಇನ್ನೊಂದಕ್ಕೆ ಸಿಕ್ಕಿಕೊಂಡಿದೆಯಾ? ಹೆಜ್ಜೇನು ಕಟ್ಟಿದೆಯಾ? ಎಲೆಗಳನ್ನ ಹೊಲಿದ ಹಾಗೆ ಉಂಡೆ ಕಂಡ್ರೆ ಅದು ಚಗಳಿ ಗೂಡು. ನಿನ್ನ ಹಗ್ಗವೇ ಅದಕ್ಕೆ ಸೇತುವೆ.

— ಅಲ್ಲಿ ಮೇಲೆ, ಆ ದೊಡ್ಡ ಮರದ ನೆರಳು ಎಷ್ಟು ಚೆನ್ನಾಗಿದೆ. ಅದಕ್ಕೂ ಪಕ್ಕದ್ದಕ್ಕೂ ಕಟ್ಟಬಹುದಲ್ವಾ?

— ಅದು ಬಸರಿ. ಈಗ ಕಾಯಿ ಬಿಟ್ಟಿಲ್ಲ, ಬಿಟ್ಟಾಗ ಅದು ಇಡೀ ಬೆಟ್ಟದ ಊಟದ ಮನೆ. ಮಂಗಟ್ಟೆ, ಕುಟ್ರು, ಪಾರಿವಾಳ, ಕೆಂಜಳಿಲು, ರಾತ್ರಿ ಬಾವಲಿ. ಊಟದ ಎಲೆ ಹಾಕೋ ಜಾಗದಲ್ಲಿ ಚಾಪೆ ಹಾಸ್ತೀವಾ? ಆ ಪಕ್ಕದ ಮರದಲ್ಲಿ ಪೊಟರೆ ಇದೆ, ಕಾಣ್ತದಾ? ಹೊಸ ವರ್ಷ ಬಂದ ಮೇಲೆ ಮಂಗಟ್ಟೆ ಹೆಣ್ಣು ಅಂಥ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಳ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಮೊಟ್ಟೆ ಮರಿ ಎಲ್ಲ ಒಳಗೇ. ಆಹಾರಕ್ಕೆಲ್ಲ ಗಂಡೇ ಗತಿ. ಕೆಳಗೆ ಯಾರಾದ್ರೂ ಇದ್ರೆ ಗಂಡು ದೂರದ ಕೊಂಬೆಯಲ್ಲಿ ಹಣ್ಣು ಕಚ್ಚಿಕೊಂಡು ಕೂರ್ತದೆ, ಹತ್ರ ಬರೋದಿಲ್ಲ. ನಾನು ಒಮ್ಮೆ ಅದೇ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಪೊಟರೆಯ ಕೆಳಗೇ ಬುತ್ತಿ ಬಿಚ್ಚಿ ಕೂತು, ಎಷ್ಟು ಶಾಂತ ಅಂದ್ಕೊಂಡೆ. ನನ್ನ ಜೊತೆಗಿದ್ದ ಹಿರಿಯ ವಾಚರ್ ತೋರಿಸಿದ್ರು, ಆ ಗಂಡು ಹಕ್ಕಿ ಎದುರಿನ ಮರದಲ್ಲಿ ಕಾಯ್ತಾ ಕೂತದ್ದನ್ನ. ನಾವೆದ್ದು ನೂರು ಹೆಜ್ಜೆ ಹೋಗಿಲ್ಲ, ಅದು ಬಂತು. ಅವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

— ಅಂದ್ರೆ ನಂಗೆ ಶಾಂತವಾಗಿ ಕಂಡ ಜಾಗ ಇನ್ಯಾರೋ ಉಸಿರು ಹಿಡಿದುಕೊಂಡಿರೋ ಜಾಗ ಆಗಿರಬಹುದು.

— ಆಗಿರಬಹುದು. ಅದಕ್ಕೇ ಮೊದಲು ಕಟ್ಟಬೇಡ. ಹೋಗಿ ಕಾಲು ಗಂಟೆ ಸುಮ್ಮನೆ ನಿಲ್ಲು. ನೆಲದಲ್ಲಿ ಹಿಕ್ಕೆ ಇದೆಯಾ, ಗೊರಸಿನ ಗುರುತು ಇದೆಯಾ, ದರಗು ತುಳಿದು ದಾರಿ ಬಿದ್ದಿದೆಯಾ, ನೋಡು. ದಾರಿ ಇದ್ರೆ ಬಿಟ್ಟುಬಿಡು. ನೀರಿನ ಹತ್ರವೂ ಬೇಡ.

— ಅಮೆರಿಕದಲ್ಲಿ ಕಾಡಿಗೆ ಹೋಗೋರಿಗೂ ಅದನ್ನೇ ಹೇಳ್ತಾರೆ. ಹೊಳೆ ಕೆರೆಯಿಂದ 200 ಅಡಿ ದೂರ ಬಿಡಾರ ಮಾಡಿ ಅಂತ.

— ಒಳ್ಳೇ ಮಾತು. ಇನ್ನು ಜಡ್ಡಿ ಕಂಡ್ರಂತೂ ಕಾಲೇ ಇಡಬಾರದು. ಕತ್ತಲೆಕಾನಿಗೆ ಹೋಗಿದ್ದೀಯಾ?

— ಇಲ್ಲ. ಹೆಸರು ಕೇಳಿದ್ದೀನಿ.

— ಸಿದ್ದಾಪುರ ತಾಲೂಕು, ಮಾವಿನಗುಂಡಿ ಬಿಟ್ಟು ಹೊನ್ನಾವರದ ಕಡೆ ಇಳಿಯೋ ದಾರಿ. ಹೆಸರಿಗೆ ತಕ್ಕ ಕಾನು. ಅಲ್ಲಿ ರಾಂಪತ್ರೆ ಜಡ್ಡಿ ಇದೆ. ವರ್ಷವಿಡೀ ಒಸರೋ ನೀರು, ಅದರಲ್ಲಿ ನಿಂತ ಮರ, ಕಾಂಡದಿಂದ ಊರುಗೋಲಿನ ಹಾಗೆ ಇಳಿದ ಬೇರು. ಕೆಸರಿನಿಂದ ಮೇಲಕ್ಕೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯೋ ಬೇರುಗಳೂ ಇವೆ. ಆ ಮಂಡಿಯಿಂದಲೇ ಬೇರಿಗೆ ಉಸಿರು. ನಾವು ಅದರ ಮೇಲೆ ಕಾಲಿಟ್ಟು ದಾಟ್ತೀವಿ. ಅಲ್ಲೇ ಗೇರಿನ ಕುಲದ ಒಂದು ಮರ ಇದೆ, 2000ದಲ್ಲಿ ಅದು ವಿಜ್ಞಾನಕ್ಕೇ ಹೊಸದು ಅಂತ ಗೊತ್ತಾಯ್ತು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಕಾನಿನ ಹೆಸರನ್ನೇ ಇಟ್ರು. ಬಸ್ಸು ಓಡಾಡೋ ರಸ್ತೆಯ ಪಕ್ಕದ ಕಾನಲ್ಲಿ, ಯಾರ ಪಟ್ಟಿಗೂ ಸೇರದೆ ನಿಂತಿದ್ದ ಮರ. ಅಂಥ ಕಡೆ ರಸ್ತೆ ಬದಿಯಲ್ಲೇ ನಿಂತು ನೋಡಬೇಕು, ಬರಬೇಕು. ಮಲಗೋಕೆ ಅಲ್ಲ.

— ಸರಿ. ಕೆಳಗಿನ ಇವೆರಡು?

— ಇದು ನಂದಿ, ಅದು ಕಿಂದಳ. ನನ್ನ ತೊಡೆಗಿಂತ ಎರಡು ಪಾಲು ದಪ್ಪ. ಮೇಲೆ ಎಲ್ಲ ಹಸಿರು. ಕೆಳಗೆ ದನದ ಹೆಜ್ಜೆ, ಮನುಷ್ಯರದ್ದು, ಬೇರೆ ಇಲ್ಲ. ಇಲ್ಲಿ ಕಟ್ಟು. ತಡಿ, ಹಗ್ಗ ಸಪೂರ ಇದ್ರೆ ಬೇಡ. ನಂದಿಯ ತೊಗಟೆ ನುಣುಪು, ತೆಳು.

— ಹಗ್ಗ ಅಲ್ಲ ಮಾವ, ಪಟ್ಟಿ ತಂದಿದ್ದೀನಿ. ಎರಡು ಇಂಚು ಅಗಲ. ಸಪೂರ ಹಗ್ಗ ತೊಗಟೆಗೆ ಕಚ್ಚುತ್ತೆ, ಎಲೆ ತಯಾರಿಸಿದ ಆಹಾರ ಕೆಳಗಿಳಿಯೋದು ತೊಗಟೆಯ ಒಳಪದರದಲ್ಲೇ ಅಲ್ವಾ. ಪದೇಪದೇ ಕಟ್ಟಿದ್ರೆ ಮರಕ್ಕೆ ಉರುಳು ಹಾಕಿದ ಹಾಗೆ.

— ದನ ಕಟ್ಟಿ ಕಟ್ಟಿ ಸುತ್ತ ಗಾಯ ಆಗಿ ಒಣಗಿದ ಮರ ಎಷ್ಟು ಬೇಕು ತೋರಿಸ್ತೇನೆ. ಇಷ್ಟು ಸಡಿಲ ಯಾಕೆ ಕಟ್ತಿದ್ದೀಯ? ಎಳೆದು ಬಿಗಿ ಮಾಡು.

— ಇಲ್ಲ ಮಾವ, ಇದು ನನ್ನ ಲೆಕ್ಕ, ಇಲ್ಲಿ ನೀವು ನನ್ನ ಮಾತು ಕೇಳಬೇಕು. ಬಿಗಿ ಕಟ್ಟಿದ್ರೆ ಮರಕ್ಕೇ ಜಾಸ್ತಿ ಭಾರ. ನನ್ನ ತೂಕ 60 ಕೆಜಿ ಅಂತಿಟ್ಟುಕೊಳ್ಳಿ. ಪಟ್ಟಿ 30 ಡಿಗ್ರಿ ಇಳಿಜಾರಲ್ಲಿದ್ರೆ ಒಂದೊಂದು ಕಡೆಗೂ 60 ಕೆಜಿ ಎಳೆತ. ಅದನ್ನೇ ಬಿಗಿದು 10 ಡಿಗ್ರಿಗೆ ತಂದ್ರೆ ಎಳೆತ 170 ಕೆಜಿ ದಾಟುತ್ತೆ. ಮಲಗಿದವಳು ಅವಳೇ, ಎಳೆತ ಮಾತ್ರ ಸುಮಾರು ಮೂರು ಪಾಲು.

— ಬೇಲಿ ತಂತಿ ಬಿಗಿಯುವಾಗ ಕಂಬ ವಾಲೋದು ಅದಕ್ಕೇ ಹಾಗಾದ್ರೆ. ಇಷ್ಟು ವರ್ಷ ಕಂಬ ಸರಿ ಹೂಳಿಲ್ಲ ಅಂತ ಆಳಿಗೆ ಬೈದೆ.

— ಅದೇ ಲೆಕ್ಕ. ಜೋಲು ಬಿಟ್ಟು ಕಟ್ಟಿದ್ರೆ ಮರಕ್ಕೂ ಸುಖ, ಬೆನ್ನಿಗೂ ಸುಖ. ಕೂತಾಗ ಕುರ್ಚಿಯಷ್ಟೇ ಎತ್ತರ ಇರಬೇಕು, ಬಿದ್ರೂ ಪೆಟ್ಟಾಗಬಾರದು. ಮಲಗುವಾಗ ನೇರ ಅಲ್ಲ, ಸ್ವಲ್ಪ ಓರೆ. ಆಗ ಬೆನ್ನು ಬಾಳೆಕಾಯಿ ಥರ ಬಾಗಲ್ಲ, ಹಾಸಿಗೆ ಥರ ಚಪ್ಪಟೆಯಾಗುತ್ತೆ. ಬನ್ನಿ, ಮೊದಲು ನೀವು.

— ಆಮೇಲೆ. ಮೊದಲು ಕಾಲು ತೋರಿಸು. ಪ್ಯಾಂಟು ಸಾಕ್ಸ್ ಒಳಗೆ ಹಾಕಿದ್ದೀಯಾ? ಒಳ್ಳೇದು. ಉಂಬಳ ಮುಗಿಯೋ ಕಾಲ ಇದು, ಆದ್ರೂ ತೋಟದ ತೇವದಲ್ಲಿ ಒಂದೊಂದು ಇರ್ತದೆ.

— ಉಂಬಳಕ್ಕೆ ನಾನು ಹೆದರಲ್ಲ ಮಾವ.

— ಉಂಬಳಕ್ಕೆ ಹೆದರೋದು ಬೇಡ. ರಕ್ತ ಕುಡೀತದೆ, ಬಿದ್ದು ಹೋಗ್ತದೆ. ಹೆದರಬೇಕಾದ್ದು ಉಣುಗಿಗೆ. ನಿನ್ನನ್ನ ಈ ವಾರವೇ ಬಾ ಅಂದದ್ದು ಯಾಕೆ ಅಂದ್ಕೊಂಡೆ? ಜೂನಿಂದ ದಸರಾವರೆಗೂ ಮಳೆ, ಉಂಬಳ, ಮುರಿದು ಬೀಳೋ ಕೊಂಬೆ. ಡಿಸೆಂಬರ್ ಬಂತು ಅಂದ್ರೆ ಮಂಗನ ಕಾಯಿಲೆ ಕಾಲ, ಮುಂದಿನ ಮಳೆ ಬರೋವರೆಗೆ. ಇವೆರಡರ ನಡುವೆ ಸಿಗೋದು ಈ ಸಣ್ಣ ಸಂದು.

— ಪೇಪರಲ್ಲಿ ಓದ್ತೀನಿ. ಆದ್ರೆ ಅದು ಎಲ್ಲೋ ಒಂದೆರಡು ಊರಲ್ಲಿ ಅಂತ...

— ಶುರುವಾದದ್ದೇ ನಮ್ಮ ಪಕ್ಕದಲ್ಲಿ ಮಾರಾಯ್ತಿ. ಸೊರಬ ತಾಲೂಕಿನ ಕ್ಯಾಸನೂರು ಕಾಡು, 1957. ಜಗತ್ತಿನ ವೈದ್ಯಪುಸ್ತಕದಲ್ಲೆಲ್ಲ ಆ ಕಾಯಿಲೆಗೆ ಆ ಊರಿನದೇ ಹೆಸರು. 2018ರ ಡಿಸೆಂಬರಿಂದ ನಮ್ಮ ತಾಲೂಕಿನ ಅರಳಗೋಡು ಕಡೆ ಹಬ್ಬಿದಾಗ ಮನೆಮನೆಯಲ್ಲೂ ಜ್ವರ. ಸಾವೂ ಆಯ್ತು. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ್ರು. ಆಮೇಲೂ ತಿಂಗಳುಗಟ್ಟಲೆ ಕೈಯಲ್ಲಿ ಲೋಟ ನಿಲ್ತಿರಲಿಲ್ಲ. ಉಣುಗು ಅಂದ್ರೆ ದನದ ಕಿವಿಯಲ್ಲಿ ಕಾಣ್ತದಲ್ಲ, ಅಷ್ಟು ದೊಡ್ಡದಲ್ಲ. ಜನಕ್ಕೆ ಹೆಚ್ಚಾಗಿ ಕಚ್ಚೋದು ಅದರ ಮರಿ, ಸಾಸಿವೆ ಕಾಳಿಗಿಂತ ಸಣ್ಣದು. ದರಗಿನಲ್ಲಿ, ಹುಲ್ಲಿನ ತುದಿಯಲ್ಲಿ ಕಾಯ್ತಿರ್ತದೆ. ಮಂಗ, ಮುಸಿಯ ಸತ್ತು ಬಿದ್ರೆ ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಸುತ್ತ ಹರಡ್ತದೆ. ಸತ್ತ ಮಂಗ ಕಂಡ್ರೆ ಹತ್ರ ಹೋಗಬೇಡ, ಬಂದ ದಾರಿಯಲ್ಲೇ ವಾಪಸ್ ಬಾ, ಆರೋಗ್ಯ ಕೇಂದ್ರಕ್ಕೋ ಫಾರೆಸ್ಟಿನವರಿಗೋ ಹೇಳು.

— ಜೋಲಿಯಲ್ಲಿ ನೆಲ ತಾಗಲ್ಲ ಅಲ್ವಾ, ಅಷ್ಟರಮಟ್ಟಿಗೆ ಒಳ್ಳೇದಲ್ವಾ?

— ಮಲಗಿದಾಗ ತಾಗೋದಿಲ್ಲ. ಜೋಲಿವರೆಗೆ ನಡೆದು ಬಂದದ್ದು ನೆಲದ ಮೇಲೇ ತಾನೆ? ಚೀಲ ದರಗಿನ ಮೇಲೆ ಇಡ್ತೀಯ, ಚಪ್ಪಲಿ ಬಿಡ್ತೀಯ. ಡಿಸೆಂಬರ್ ಮೇಲೆ ಈ ಕಾಡುಗಳಲ್ಲಿ ಜೋಲಿ ಕಟ್ಟಬೇಡ ಅನ್ನೋದೇ ನನ್ನ ಮಾತು. ನಾವು ಸೊಪ್ಪಿಗೆ, ದರಗಿಗೆ ಹೋಗಲೇಬೇಕು. ಆರೋಗ್ಯ ಇಲಾಖೆಯವರು ಕೊಟ್ಟ ಡೆಪಾ ಎಣ್ಣೆ ಕೈಕಾಲಿಗೆ ಸವರಿಕೊಂಡು ಹೋಗ್ತೀವಿ, ಬಂದ ತಕ್ಷಣ ಬಿಸಿನೀರಿಗೆ ಬಟ್ಟೆ ಹಾಕಿ, ಸ್ನಾನ ಮಾಡಿ, ಮೈ ನೋಡಿಕೊಳ್ತೀವಿ. ಸುಖಕ್ಕೆ ಬರೋ ನಿಂಗೆ ಆ ಅಪಾಯ ಯಾಕೆ? ಇವತ್ತೂ ಮನೆಗೆ ಹೋದ ಮೇಲೆ ಹಾಗೇ ಮಾಡು. ಹಂಡೆಗೆ ಬೆಂಕಿ ಹಾಕೋಕೆ ಹೇಳಿ ಬಂದಿದ್ದೇನೆ.

— ಮಾಡ್ತೀನಿ. ಆದ್ರೆ ಮಾವ, ನೀವು ಹೇಳಿದ್ದೆಲ್ಲ ಕೇಳಿದ ಮೇಲೂ ನಂಗೊಂದು ಮಾತು ಉಳೀತು. ಕೋಪ ಮಾಡ್ಕೊಬಾರದು.

— ಹೇಳು.

— ನಂಗೆ ನೀವಿದ್ದೀರಿ. ಬೆಟ್ಟ ಇದೆ, ಪಕ್ಕದವರಿಗೆ ಹೇಳಿಟ್ಟವರು ಇದ್ದಾರೆ. ನನ್ನ ಜೊತೆ ಕೆಲಸ ಮಾಡೋ ಹುಡುಗಿಯರಿಗೆ ಮಾವನೂ ಇಲ್ಲ, ಬೆಟ್ಟವೂ ಇಲ್ಲ. ಒಂದು ಕೋಣೆ, ಕಿಟಕಿ ತೆಗೆದ್ರೆ ಎದುರುಮನೆ ಗೋಡೆ. ಅವರಿಗೆ ಮರದ ಕೆಳಗೆ ಮಲಗಬೇಕು ಅನ್ಸಿದ್ರೆ ಏನು ಮಾಡಬೇಕು? ರಿಸರ್ವ್ ಬೇಡ, ಅಭಯಾರಣ್ಯ ಬೇಡ, ಸರಿ, ಒಪ್ಕೊಂಡೆ. ಉಳಿದದ್ದು ರೆಸಾರ್ಟ್. ಅಲ್ಲಿ ಎರಡು ತೆಂಗಿನಮರದ ನಡುವೆ ಬಲೆ ಕಟ್ಟಿರ್ತಾರೆ, ಒಂದು ರಾತ್ರಿಗೆ ಅವರ ತಿಂಗಳ ಬಾಡಿಗೆಯ ಅರ್ಧ. ದುಡ್ಡಿದ್ದವರು ಮಾತ್ರ ಮರದ ಕೆಳಗೆ ಮಲಗಬೇಕಾ? ಕಾಡನ್ನ ಮುಟ್ಟದೆ, ಅದರ ಕೆಳಗೆ ಒಂದು ಮಧ್ಯಾಹ್ನ ಕಳೀದೆ ಬೆಳೆದವರು ನಾಳೆ ಕಾಡಿಗೆ ತೊಂದರೆ ಬಂದಾಗ ಯಾಕೆ ದನಿ ಎತ್ತುತ್ತಾರೆ?

— ...

— ಮಾವ?

— ಯೋಚನೆ ಮಾಡ್ತಿದ್ದೇನೆ. ನಾನು ಮೂವತ್ತು ವರ್ಷ ಜನರನ್ನ ಹೊರಗೆ ಕಳಿಸಿದೆ. ಎಲ್ಲಿಗೆ ಹೋಗಿ ಅಂತ ಯಾರಿಗೂ ಹೇಳಲಿಲ್ಲ. ನಿನ್ನನ್ನ ಬಿಚ್ಚಿಸಿದ ಗಾರ್ಡ್ ಕೂಡ ಅಷ್ಟೇ. ಇಲ್ಲಿ ಬೇಡ, ಅಗೋ ಅಲ್ಲಿ ಕಟ್ಟಿಕೊಳ್ಳಿ ಅಂತ ತೋರಿಸೋಕೆ ಒಂದು ಜಾಗ ಇದ್ದಿದ್ರೆ ಅವನ ಮಾತೂ ಮೆತ್ತಗಿರ್ತಿತ್ತೇನೋ.

— ಜಾಗ ಇಲ್ವಾ? ಇಲಾಖೆ ಬೆಳೆಸಿದ ನೆಡುತೋಪುಗಳೇ ಎಷ್ಟಿವೆ. ಅದರಲ್ಲಿ ಊರಿಗೆ ಹತ್ರ ಇರೋ ಎರಡು ಎಕರೆ ಬಿಟ್ರೆ ಸಾಕು.

— ತೇಗದ ತೋಪಿನಲ್ಲಿ ಬೇಸಿಗೆಯಲ್ಲಿ ಒಂದೆಲೆ ಇರೋದಿಲ್ಲ, ನಿನ್ನ ಜೋಲಿ ಬಾಣಲೆ ಆಗ್ತದೆ. ಅಕೇಶಿಯಾದ್ದು ಆಗಲೇ ಹೇಳಿದೆ. ಆದ್ರೆ ಟ್ರೀ ಪಾರ್ಕ್ ಇದೆಯಲ್ಲ, ಸಾಲುಮರದ ತಿಮ್ಮಕ್ಕನ ಹೆಸರಲ್ಲಿ ಇಲಾಖೆ ಮಾಡಿದ್ದು. ಸುಮಾರು ತಾಲೂಕುಗಳಲ್ಲಿ ಇವೆ. ಪೇಟೆಗೆ ಹತ್ರ, ಬೇಲಿ ಇದೆ, ಗೇಟಲ್ಲಿ ಕಾವಲಿನವರು ಇರ್ತಾರೆ, ನೀರು ಇರ್ತದೆ. ಅಲ್ಲಿ ಜಾರುಬಂಡೆ, ಸಿಮೆಂಟಿನ ಜಿಂಕೆ ಎಲ್ಲ ಮಾಡ್ತಾರೆ. ಅದರ ಬದಲು ಹತ್ತು ಜೊತೆ ಗಟ್ಟಿ ಮರ ಆರಿಸಿ ಗುರುತು ಹಾಕಿ, ಇದಕ್ಕೆ ಮಾತ್ರ ಕಟ್ಟಿ, ಅಗಲ ಪಟ್ಟಿ ಇಲ್ಲದೆ ಕಟ್ಟಬೇಡಿ ಅಂತ ಒಂದು ಬೋರ್ಡು ಹಾಕಿದ್ರೆ ಆಯ್ತು.

— ಮಳೆಗಾಲದಲ್ಲಿ ಆ ಜೋಡಿಗಳಿಗೆ ರಜೆ ಕೊಡಬೇಕು. ಒಂದೇ ಮರಕ್ಕೆ ವರ್ಷವಿಡೀ ಕಟ್ತಾ ಇದ್ರೆ ಪಟ್ಟಿ ಅಗಲ ಇದ್ರೂ ಬುಡದ ನೆಲ ಗಟ್ಟಿಯಾಗುತ್ತೆ ಅಂತ ಈಗ ನೀವೇ ಹೇಳಿದ್ರಿ.

— ಹೌದು. ಮರ ಇಲ್ಲದ ಕಡೆ ಎರಡು ಕಲ್ಲುಕಂಬ ನೆಟ್ರೂ ಆಯ್ತು. ನಮ್ಮ ಹಿರಿಯರು ಹೊರೆ ಇಳಿಸೋಕೆ ದಾರಿ ಬದಿಯಲ್ಲಿ ಹೊರೆಕಲ್ಲು ನಿಲ್ಲಿಸ್ತಿರಲಿಲ್ವಾ? ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಹೊರೆ ಜಾರಿಸಿ ಸುಧಾರಿಸಿಕೊಂಡು ಹೋಗ್ತಿದ್ರು. ಅದು ಯಾರ ಸ್ವಂತದ್ದೂ ಆಗಿರಲಿಲ್ಲ. ಕೇರಿಯ ಹೊರಗೆ, ಘಟ್ಟದ ಏರು ಮುಗಿಯೋ ಕಡೆ ಇರ್ತಿತ್ತು.

— ಅದನ್ನ ಬರೆದು ಕೊಡೋಣ ಮಾವ. ಮನವಿ. ನೀವು ಸಹಿ ಹಾಕಿದ್ರೆ ತೂಕ ಬರುತ್ತೆ.

— ಹಾಕ್ತೇನೆ. ಈಗ ಮಲಗು. ಇಷ್ಟು ಹೊತ್ತು ನಾವಿಬ್ಬರೂ ಮಾತಾಡಿ ಮಾತಾಡಿ ಬೆಟ್ಟದಲ್ಲಿ ಒಂದು ಹಕ್ಕಿ ಕೂಗಿಲ್ಲ.

— ನೀವು ಮೊದಲು ಅಂತ ಆಗಲೇ ಹೇಳಿದೆ. ಕೂರಿ. ಹಿಂದೆ ವಾಲಿ. ಕಾಲು ಆ ಕಡೆ, ಓರೆಯಾಗಿ. ಹಾಂ.

— ಅಯ್ಯೋ, ತೂಗ್ತದೆ!

— ತೂಗಲಿ. ಬಿಡಿ ಕೈ. ಈಗ ಸುಮ್ಮನಿರೋಣ, ಕಾಲು ಗಂಟೆ. ನಾನು ಈ ಕಲ್ಲಿನ ಮೇಲೆ ಕೂರ್ತೀನಿ.

(ತೋಟದ ಕೆಳಗೆ ಯಾರದೋ ಮನೆಯಲ್ಲಿ ಅಡಿಕೆ ಬೇಯಿಸುವ ಹೊಗೆ. ಮೊದಲು ಬಂದದ್ದು ಇರುವೆ ಸಾಲು, ಕಿಂದಳದ ಬುಡದಲ್ಲಿ. ಆಮೇಲೆ ಎಲ್ಲೋ ಕುಟ್ರು, ಅದಕ್ಕೆ ಇನ್ನೊಂದರ ಉತ್ತರ. ಭೀಮರಾಜ ಬಂದು, ಬಾಲದ ಎರಡು ಗರಿಗಳನ್ನು ಹಿಂದೆ ತೇಲಿಸಿಕೊಂಡು, ನಂದಿಯ ಕೊಂಬೆಯಲ್ಲೇ ಕೂತು ಮೂರು ಬೇರೆ ಹಕ್ಕಿಗಳ ಕೂಗನ್ನು ಕೂಗಿತು. ಕೆಂಜಳಿಲೊಂದು ಬಸರಿಯಿಂದ ಪಕ್ಕದ ಮರಕ್ಕೆ ನೆಗೆಯಿತು. ಮಾವನ ಕಣ್ಣು ಮುಚ್ಚಿರಲಿಲ್ಲ. ಬಿಸಿಲು ತೋಟದ ತಲೆಯಿಂದ ಇಳಿದು ಅಡಿಕೆ ಮರದ ಅರ್ಧಕ್ಕೆ ಬಂತು.)

— ಪುಟ್ಟಿ.

— ಹೇಳಿ ಮಾವ.

— ಇಷ್ಟು ವರ್ಷ ಇದೇ ಬೆಟ್ಟದಲ್ಲಿ ಓಡಾಡಿದ್ದೇನೆ. ಅಂಗಾತ ಮಲಗಿ ಮೇಲೆ ನೋಡಿದ್ದೇ ಇಲ್ಲ. ಮರಗಳ ತಲೆ ಒಂದಕ್ಕೊಂದು ತಾಗ್ತಾ ಇಲ್ಲ ನೋಡು, ನಡುವೆ ಸಂದು ಬಿಟ್ಟು ನಿಂತಿವೆ. ನೆಲದ ಮೇಲೆ ನಿಂತವರಿಗೆ ಇದು ಗೊತ್ತಾಗೋದಿಲ್ಲ.

— ನಂಗೂ ಯಾರೂ ಹೇಳಿರಲಿಲ್ಲ. ಮೊದಲ ಸಲ ಮಲಗಿದಾಗ ನಾನೇ ನೋಡಿದ್ದು.

— ಕತ್ತಲಾಗೋ ಮೊದಲು ಇಳೀಬೇಕು. ಆ ಕಡೆಯದ್ದು ನೀನು ಬಿಚ್ಚು, ಈ ಕಡೆಯದ್ದು ನಾನು. ತೊಗಟೆ ನೋಡಿದ್ಯಾ? ಪಟ್ಟಿ ಇದ್ದಲ್ಲಿ ಒಂಚೂರು ಹೊಳಪು ಬಂದಿದೆ, ಅಷ್ಟೇ. ಗಾಯ ಇಲ್ಲ. ನಾಳೆ ಬೆಳಗ್ಗೆ ಏನು ಕೆಲಸ ನಿಂಗೆ?

— ಏನಿಲ್ಲ. ಬಸ್ಸು ರಾತ್ರಿಗೆ.

— ಹಾಗಾದ್ರೆ ಟ್ರೀ ಪಾರ್ಕಿಗೆ ಹೋಗಿ ಬರೋಣ. ಮನವಿ ಕೊಡೋದಾದ್ರೆ ಸುಮ್ಮನೆ ಜಾಗ ಕೊಡಿ ಅಂದ್ರೆ ಆಗೋದಿಲ್ಲ, ಯಾವ ಮರ, ಎಷ್ಟನೇ ಸಾಲು ಅಂತ ಬರೀಬೇಕು. ಗೇಟಿನ ಬಲಗಡೆ ಹೊನ್ನೆ, ನೇರಳೆ ಇದ್ದ ನೆನಪು. ಮನೆಯಲ್ಲಿ ಅಳತೆ ಟೇಪು ಇದೆ. ಎಷ್ಟು ಅಡಿ ಅಂದೆ ನೀನು?

— ಹದಿನಾಲ್ಕು. ಹನ್ನೆರಡಾದ್ರೂ ನಡೆಯುತ್ತೆ.